ಮೋಕಾಜ್ಜನ ದಾಖಲೆ ಚೀಲ

ನಿಯುವೆ ದ್ವೀಪದಲ್ಲಿ ನಮ್ಮ ಪಕ್ಕದ ಮನೆಯ ಮೋಕಾಜ್ಜನಿಗೆ, ಕೆಸುವಿನ ಹೊಲದ ತಕರಾರಿಗೆಂದು ವಕೀಲೆಯೊಬ್ಬಳನ್ನು ಗೊತ್ತುಮಾಡಿಕೊಂಡಾಗಿನಿಂದ ದಿಕ್ಕೇ ತೋಚುತ್ತಿಲ್ಲ. ಮೊದಲ ಭೇಟಿಗೆ ದಾಖಲೆಗಳನ್ನೆಲ್ಲ ತರಬೇಕೆಂದು ಆಕೆ ಹೇಳಿದ್ದಾಳೆ. ಇವನು ದೀಕ್ಷಾಸ್ನಾನದ ಸರ್ಟಿಫಿಕೇಟಿನಿಂದ ಹಿಡಿದು ಹಲ್ಲಿನ ಎಕ್ಸ್‌ರೇವರೆಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬುತ್ತಾನೆ, ಅನುಮಾನ ಬಂದು ಮತ್ತೆ ಸುರಿಯುತ್ತಾನೆ. "ಇದು ದಾಖಲೆ ಹೌದೋ ಅಲ್ವೋ, ನೀನೇ ನೋಡಪ್ಪ," ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸುತ್ತಾನೆ. ವಕೀಲೆ ತನಗೂ ನೆಂಟಳು, ಎದುರು ಪಾರ್ಟಿಗೂ ನೆಂಟಳು. ಅವಳಿಗೆ ಎಷ್ಟು ಹೇಳಬೇಕು, ಎಷ್ಟು ಮುಚ್ಚಿಡಬೇಕು ಎಂಬುದು ಬೇರೆ ಚಿಂತೆ. ನಿನ್ನೆ ತಡೆಯಲಾರದೆ ಕೇಳಿದೆ: "ಹೊಲ ನಿಂದೇ ಅನ್ನೋಕೆ ಗುರುತೇನಜ್ಜ?" ಅಜ್ಜ ಹೊಲದ ಅಂಚಿನಲ್ಲಿದ್ದ ಹೆಂಡತಿಯ ಗೋರಿಯ ಕಡೆ ನೋಡಿದ. "ಅಲ್ಲಿ ಮಲಗಿದಾಳಲ್ಲ. ಅವಳನ್ನ ಈ ಚೀಲಕ್ಕೆ ಹೇಗಪ್ಪಾ ಹಾಕ್ಲಿ?"