ತಾಮ್ರದ ತಟ್ಟೆ ಬಡಿಯುವ ಪೆರ್ಸಿದಾ

ಸಿಬಿಯು ಪಟ್ಟಣದ ಹೊರಗೆ, ರೈಲುಹಳಿಯ ಆಚೆಗಿರುವ ತಾಮ್ರಗಾರರ ಓಣಿಯಲ್ಲಿ ಕೋಳಿಗಿಂತ ಮೊದಲು ಪೆರ್ಸಿದಾ ಕೂಗುತ್ತಾಳೆ. ಬರೀ ಬಾಯಿಯಿಂದಲ್ಲ. ಅಪ್ಪ ಬಡಿದು ಮಾಡಿದ ತಾಮ್ರದ ತಟ್ಟೆ ಒಂದು ಕೈಯಲ್ಲಿ, ಮರದ ಸೌಟು ಇನ್ನೊಂದು ಕೈಯಲ್ಲಿ. ಯಾರ ಮನೆಯ ಹುಡುಗನಿಗೆ ಕೆಲಸ ಸಿಕ್ಕಿದೆಯೋ ಆ ಮನೆಯ ಕಿಟಕಿಯ ಕೆಳಗೆ ನಿಂತು ಬಡಿಯುತ್ತಾಳೆ. ಕೆಲಸ ಸಿಗದವರ ಮನೆಯ ಮುಂದೆಯೂ ಬಡಿಯುತ್ತಾಳೆ, ಅಭ್ಯಾಸ ತಪ್ಪಬಾರದೆಂದು.

"ಏಯ್ ಫೊನ್ಸೋ, ಏಳೋ! ನೀನು ಬರೋವರೆಗೂ ಬೇಕರಿಯವನ ಹಿಟ್ಟು ಉಬ್ಬದೆ ಕಾಯುತ್ತಾ?"

"ಇವತ್ತು ಬೇಕರಿ ಇಲ್ಲ ಚಿಕ್ಕಮ್ಮಾ, ತರಬೇತಿ!"

"ಹಾಗಾದ್ರೆ ಮಲ್ಕೋ. ಅದಕ್ಕೆ ಎಚ್ಚರ ಇರಬೇಕು ಅಂತೇನಿಲ್ಲ."

ಪಟ್ಟಣದಲ್ಲಿ 'ನಾಳೆಯ ಹೆಜ್ಜೆ' ಎಂಬ ಸಂಸ್ಥೆಯೊಂದು ಕಚೇರಿ ತೆರೆದಿತ್ತು. ಈ ಓಣಿಯವರಂಥ ರೋಮಾ ಜನಾಂಗದ, ಕೆಲಸವಿಲ್ಲದ ಹುಡುಗ ಹುಡುಗಿಯರಿಗೆ ಕೆಲಸ ಹುಡುಕಿಕೊಡುವುದು, ಹುಡುಕಿಕೊಟ್ಟದ್ದನ್ನು ಉಳಿಸಿಕೊಳ್ಳಲು ಕಲಿಸುವುದು ಅದರ ಉದ್ದೇಶ. ಅದರ ನಿರ್ದೇಶಕರು ಕೊರ್ನೆಲಿಯು ಸಾಹೇಬರು. ಒಪ್ಪವಾಗಿ ಕತ್ತರಿಸಿದ ಗಡ್ಡ, ಚೀಲದ ತುಂಬ ಬಣ್ಣಬಣ್ಣದ ಪೆನ್ನು. ಕೈ ಕುಲುಕುವುದು ಹೇಗೆ ಎಂದು ಒಂದು ತರಬೇತಿ, ನಗುವುದು ಹೇಗೆ ಎಂದು ಇನ್ನೊಂದು, ಗಡಿಯಾರ ನೋಡುವುದು ಹೇಗೆ ಎಂದು ಮತ್ತೊಂದು. ಪ್ರತಿಯೊಂದರ ಕೊನೆಗೂ ದಪ್ಪ ಕಾಗದದ ಪ್ರಮಾಣಪತ್ರ. ಫೊನ್ಸೋನ ತಾಯಿ ಅವನ್ನೆಲ್ಲ ಒಡೆದ ಕಿಟಕಿಗಾಜಿನ ಜಾಗಕ್ಕೆ ಅಂಟಿಸಿದ್ದಳು. ಬೆಟ್ಟದಿಂದ ಇಳಿಯುವ ಚಳಿಗಾಳಿಗೆ ಅದಕ್ಕಿಂತ ಒಳ್ಳೆಯ ತಡೆ ಸಿಗುವುದಿಲ್ಲ ಎಂದು ಸಂಸ್ಥೆಯನ್ನು ಮನಸಾರೆ ಹೊಗಳುತ್ತಿದ್ದಳು.

ಓಣಿಯ ಹುಡುಗರನ್ನು ಕರೆದೊಯ್ದು ಕೆಲಸಕ್ಕೆ ಸೇರಿಸುವ ಹೊಣೆ ಪೆರ್ಸಿದಾಳಿಗೆ ಈ ಸಂಸ್ಥೆಯಲ್ಲಿ ಸಿಕ್ಕಿದ್ದು ಅವಳ ವಿದ್ಯೆಯಿಂದಲ್ಲ. ಕಚೇರಿಯವರಿಗೆ ಓಣಿಯ ನಾಯಿಗಳ ಭಯ, ನಾಯಿಗಳಿಗೆ ಪೆರ್ಸಿದಾಳ ಭಯ. ಹುಡುಗಿಯಾಗಿದ್ದಾಗ ಅಪ್ಪನ ಹಂಡೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಹಳ್ಳಿಹಳ್ಳಿ ತಿರುಗಿ ಮಾರಿದವಳು. ಪ್ಲಮ್ ಹಣ್ಣಿನ ಸಾರಾಯಿ ಕಾಯಿಸುವ ಹಂಡೆಯನ್ನು ಕುಡಿಯದ ಪಾದ್ರಿಗೂ ಮಾರಿದ ಕೀರ್ತಿ ಅವಳದು. ಹಂಡೆಯ ಕಾಲ ಮುಗಿದ ಮೇಲೆ ಈಗ ಹುಡುಗರನ್ನು ಮಾರುತ್ತಿದ್ದೇನೆ ಎಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುತ್ತಿದ್ದಳು. "ಹಂಡೆ ವಾಸಿ. ಹೆಸರು ಕೇಳಿ ಯಾರೂ ವಾಪಸ್ ಕಳಿಸ್ತಿರಲಿಲ್ಲ."

ಆ ಮಾತು ಸುಳ್ಳಲ್ಲ. ಫೋನಿನಲ್ಲಿ ಖಾಲಿಯಿದ್ದ ಕೆಲಸ ಹುಡುಗನ ಮುಖ ಕಂಡ ಕೂಡಲೇ ಭರ್ತಿಯಾಗಿಬಿಡುತ್ತಿತ್ತು. ಪೆರ್ಸಿದಾ ಇದಕ್ಕೊಂದು ಮದ್ದು ಕಂಡುಕೊಂಡಿದ್ದಳು. ತನ್ನ ಹೂವಿನ ನೆರಿಗೆ ಲಂಗವನ್ನು ಹರಡಿಕೊಂಡು ಆ ಅಂಗಡಿಯ ಬಾಗಿಲಲ್ಲೇ ಕೂತುಬಿಡುವಳು. "ಯಾರಿಗೆ ಸಿಕ್ತು ಸ್ವಾಮಿ? ಕರೀರಿ ಆ ಪುಣ್ಯಾತ್ಮನ್ನ, ಶುಭಾಶಯ ಹೇಳಿ ಹೋಗ್ತೀನಿ." ಗಿರಾಕಿಗಳು ಅವಳನ್ನು ಬಳಸಿಕೊಂಡು ಒಳಗೆ ಹೋಗಬೇಕು. ಸಂಜೆಯ ಹೊತ್ತಿಗೆ ಮಾಲೀಕನಿಗೆ ಇನ್ನೊಂದು ಜಾಗ ಖಾಲಿ ಇರುವುದು ನೆನಪಾಗುತ್ತಿತ್ತು.

ಓಣಿಯ ಸೊಸೆ ಜಂಬಿಲಾಳಿಗೆ ಪಟ್ಟಣದ ವಸತಿಗೃಹದ ಬಟ್ಟೆ ತೊಳೆಯುವ ಕೋಣೆಯಲ್ಲಿ ಕೆಲಸ ಕೊಡಿಸಿದ್ದೂ ಹೀಗೆಯೇ. ಬೇಸಿಗೆ ಮುಗಿಯುವವರೆಗೆ ಪರೀಕ್ಷೆಯ ಅವಧಿ, ಅದು ದಾಟಿದರೆ ಕಾಯಂ. ಜಂಬಿಲಾಳಿಗೆ ಆ ಕಾಯಂ ಬೇಕಿದ್ದುದು ಒಂದೇ ಒಂದು ಆಸೆಗೆ. ಅತ್ತೆ ರಫೀರಾಳ ಮನೆಯ ಹಿಂದೆ ಒಂದು ಕೋಣೆ ಕಟ್ಟಿ ತನ್ನದೇ ಒಲೆ ಹೂಡಬೇಕು. ಗಂಡ ಒಳ್ಳೆಯವನೇ. ಆದರೆ ಇಂಜಿನ್ನಿಲ್ಲದ ಕಾರಿನಲ್ಲಿ ದಿನವಿಡೀ ಕೂತು, ಇಂಜಿನ್ ಬಂದ ಮೇಲೆ ಎಲ್ಲಿಗೆ ಹೋಗಬೇಕೆಂದು ಯೋಚಿಸುವುದರಲ್ಲೇ ಅವನಿಗೆ ಪುರುಸೊತ್ತಿರಲಿಲ್ಲ.

ಕೆಲಸಕ್ಕೆ ಸೇರಿ ಕೆಲವು ದಿನವಾಗಿತ್ತು. ಜಂಬಿಲಾ ಪೆರ್ಸಿದಾಳ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ನಿಂತಳು.

"ಚಿಕ್ಕಮ್ಮಾ, ಒಂದು ವಿಷ್ಯ. ಯಾರಿಗೂ ಹೇಳಬೇಡಿ. ಅಲ್ಲಿ ಎಲ್ಲಾ ಒಂದರಲ್ಲೇ ಹಾಕ್ತಾರೆ."

"ಏನನ್ನ?"

"ಹಾಸಿಗೆ ಚಾದರ, ಊಟದ ಮೇಜಿನ ಬಟ್ಟೆ, ಕೈ ಒರೆಸೋ ಬಟ್ಟೆ, ಗಿರಾಕಿಗಳ ಚಡ್ಡಿ. ಎಲ್ಲಾ ಒಂದೇ ಮೆಷಿನ್ನಿಗೆ."

ಪೆರ್ಸಿದಾ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಸೊಂಟದಿಂದ ಕೆಳಗಿನದಕ್ಕೆ ಒಂದು ಬೋಗುಣಿ, ಮೇಲಿನದಕ್ಕೆ ಒಂದು, ಊಟದ ಬಟ್ಟೆಗೆ ಇನ್ನೊಂದು. ಓಣಿಯಲ್ಲಿ ಹಲ್ಲು ಬಾರದ ಕೂಸಿಗೂ ಇದು ಗೊತ್ತು. ಲಂಗದ ಅಂಚು ತಗುಲಿದರೆ ಊಟದ ತಟ್ಟೆಯನ್ನು ಹೊರಗೆಸೆಯುವ ಜನ. ಮಾಲಕಿಯ ಬಳಿ ಪೆರ್ಸಿದಾ ಎಲ್ಲವನ್ನೂ ಕೇಳಿದ್ದಳು. ಸಂಬಳ ಎಷ್ಟು, ರಜೆ ಯಾವತ್ತು, ಊಟ ಕೊಡುತ್ತೀರಾ, ಬೈಯುತ್ತೀರಾ. ಇದೊಂದನ್ನು ಮಾತ್ರ ಕೇಳಿರಲಿಲ್ಲ. ಎಷ್ಟೇ ಗಾಜೊಗಳಾದರೂ, ಅಂದರೆ ರೋಮಾ ಅಲ್ಲದವರಾದರೂ, ಬಾಯಿ ಒರೆಸುವ ಬಟ್ಟೆಯನ್ನು ಚಡ್ಡಿಯ ಜೊತೆ ನೆನೆಸುವ ಜೀವಿ ಭೂಮಿಯ ಮೇಲಿರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ನೀನು ಏನ್ಮಾಡ್ದೆ?"

"ನಾನು ಬೇರೆಬೇರೆ ಹಾಕ್ತಿದೀನಿ. ಅದಕ್ಕೆ ತಡ ಆಗುತ್ತೆ. ಮಾಲಕಿ ಸೋಮಾರಿ ಅಂತಾಳೆ. ಒಟ್ಟಿಗೆ ಹಾಕಿದೆ ಅಂತ ಅತ್ತೆಗೆ ಗೊತ್ತಾದ್ರೆ ನನ್ನ ಕೈಯಿಂದ ನೀರೂ ಕುಡಿಯಲ್ಲ. ನನ್ನ ಒಲೆ ಮೇಲೆ ಬೇಯಿಸಿದ್ದನ್ನ ಯಾರು ತಿಂತಾರೆ ಚಿಕ್ಕಮ್ಮಾ? ಒಲೆ ಕಟ್ಟಿ ಏನು ಪ್ರಯೋಜನ?"

ಪೆರ್ಸಿದಾ ಮರುದಿನವೇ ಮಾಲಕಿ ಲವಿನಿಯಾಳ ಬಳಿ ಹೋದಳು. ಲವಿನಿಯಾ ತುಟಿಯ ಬಣ್ಣ ಕೆಡದಷ್ಟು ನಕ್ಕಳು.

"ನೋಡಮ್ಮಾ, ಇದೆಲ್ಲ ನಿಮ್ಮ ಜನರ ಮೂಢನಂಬಿಕೆ. ಬಿಸಿನೀರು, ಸೋಪು, ಮುಗೀತು. ಇದು ಒಳ್ಳೆ ಮೆಷಿನ್ನು, ಜರ್ಮನಿಯದು."

"ಮೆಷಿನ್ನು ಊಟ ಮಾಡಲ್ಲ ಮೇಡಂ. ಊಟ ಮಾಡೋರು ನೀವು."

"ಶುಕ್ರವಾರ ನಿಮ್ಮ ಸಂಸ್ಥೆಗೆ ದುಡ್ಡು ಕೊಡೋ ದೊಡ್ಡವರು ಇಲ್ಲಿಗೇ ಊಟಕ್ಕೆ ಬರ್ತಿದಾರೆ. ಅಷ್ಟರೊಳಗೆ ಹುಡುಗಿ ಎಲ್ಲಾರ ಹಾಗೆ ಕೆಲಸ ಮಾಡ್ಲಿ. ಇಲ್ಲ ಅಂದ್ರೆ ಸೋಮವಾರ ಬರೋದು ಬೇಡ."

ಅಲ್ಲಿಂದ ಪೆರ್ಸಿದಾ ಕೊರ್ನೆಲಿಯು ಸಾಹೇಬರ ಕಚೇರಿಗೆ ಹೋದಳು. ಸಾಹೇಬರು ಕಣ್ಣು ಅರೆಮುಚ್ಚಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಹಸಿರು ಪೆನ್ನು ತೆಗೆದು ಒಂದು ದೊಡ್ಡ ವೃತ್ತ ಬರೆದರು.

"ಇದು ಸಮಯ ನಿರ್ವಹಣೆಯ ಸಮಸ್ಯೆ ಪೆರ್ಸಿದಾ. ಅವಳಿಗೆ ಗಡಿಯಾರದ ತರಬೇತಿ ಇನ್ನೊಂದು ಸಲ ಬೇಕು."

"ಗಡಿಯಾರ ಅವಳಿಗೆ ಬರುತ್ತೆ ಸಾಹೇಬ್ರೇ. ಬಟ್ಟೆ ಬೇರೆಬೇರೆ ಹಾಕೋಕೆ ಬಿಡಿ ಅಂತ ಒಂದು ಮಾತು ಹೇಳಿ ಸಾಕು."

"ಉದ್ಯೋಗದಾತರ ಜೊತೆ ಜಗಳ ಆಡಬಾರದು. ನಾವು ಅವಳ ಮನೋಭಾವವನ್ನ ಬದಲಾಯಿಸೋಣ." ಹೀಗೆಂದು ವೃತ್ತಕ್ಕೆ ಎರಡು ಕಣ್ಣು ಮತ್ತು ಒಂದು ನಗುವನ್ನೂ ಬರೆದರು.

ಶುಕ್ರವಾರ ಬಂತು. ಸಂಸ್ಥೆಯವರು ಜಂಬಿಲಾಳನ್ನು ಬೆಳಗ್ಗೆಯಿಂದ ಮೆಷಿನ್ನಿನ ಪಕ್ಕ ನಿಲ್ಲಿಸಿ ಫೋಟೋಕ್ಕೆ ನಗುವ ಅಭ್ಯಾಸ ಮಾಡಿಸುತ್ತಿದ್ದರು. ಇತ್ತ ಊಟದ ಬಟ್ಟೆ ಸಾಲದೆಂದು ಲವಿನಿಯಾ ತಾನೇ ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ಒಂದೇ ಸಲ ಮೆಷಿನ್ನಿಗೆ ತುಂಬಿದಳು. ಅದನ್ನು ಕಂಡ ಜಂಬಿಲಾ, ನಗು ಕೆಡಿಸಿಕೊಳ್ಳದೆಯೇ, ಪಕ್ಕದಲ್ಲಿದ್ದ ಪೆರ್ಸಿದಾಳ ಕಿವಿಗೆ ಹಾಕಿದಳು.

ಮಧ್ಯಾಹ್ನ ರಾಜಧಾನಿಯಿಂದ ಬಂದ ಅತಿಥಿಗಳು ಮೇಜಿನ ಸುತ್ತ ಕೂತರು. ಎಲೆಕೋಸಿನ ಸುರುಳಿ, ಜೋಳದ ಮುದ್ದೆ, ಹುಳಿ ಕೆನೆ. ಎಲ್ಲರ ತಟ್ಟೆಯ ಬಳಿ ಹಂಸದಂತೆ ಮಡಿಸಿಟ್ಟ ಬಿಳಿ ಕರವಸ್ತ್ರ. 'ಓಣಿಯ ಪ್ರತಿನಿಧಿ'ಯಾಗಿ ಪೆರ್ಸಿದಾಳನ್ನೂ ಕೂರಿಸಿದ್ದರು. ಅವಳು ತನ್ನ ಹಂಸವನ್ನು ಎರಡೇ ಬೆರಳಿನಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಎತ್ತಿ ನೆಲಕ್ಕಿಟ್ಟಳು. ಆಮೇಲೆ ರವಿಕೆಯೊಳಗಿಂದ ತನ್ನದೇ ಬಟ್ಟೆ ತೆಗೆದು ಹಾಸಿಕೊಂಡಳು.

ಎದುರಿಗೆ ಕೂತಿದ್ದ, ಬೆಳ್ಳಿ ಕೂದಲಿನ ಅತಿಥಿ ಮಹಿಳೆ ಕುತೂಹಲದಿಂದ ಕೇಳಿದಳು. "ಇದು ನಿಮ್ಮ ಪದ್ಧತಿಯೇ?"

"ಹೌದು ತಾಯಿ. ಇದು ಇವತ್ತು ಬೆಳಗ್ಗೆ ಮೇಲಿನ ಕೋಣೆಯಲ್ಲಿರೋ ಒಬ್ಬ ಲಾರಿ ಡ್ರೈವರ್ ಚಡ್ಡಿ ಜೊತೆ ಸ್ನಾನ ಮಾಡಿದೆ. ಪಾಪ, ಅವನು ಒಳ್ಳೆ ಮನುಷ್ಯ. ಆದ್ರೂ ಅದ್ರಲ್ಲಿ ಬಾಯಿ ಒರೆಸ್ಕೊಳ್ಳೋಷ್ಟು ಪರಿಚಯ ಇಲ್ಲ ನಂಗೆ."

ಮೇಜಿನ ಸುತ್ತ ಹಂಸಗಳು ಒಂದೊಂದಾಗಿ ಇಳಿದವು. ಕೊರ್ನೆಲಿಯು ಸಾಹೇಬರ ಕರವಸ್ತ್ರ ಆಗಲೇ ಗಡ್ಡದಲ್ಲಿತ್ತು. ಅದನ್ನು ತೆಗೆಯುವುದೋ ಬಿಡುವುದೋ ತಿಳಿಯದೆ ಅವರು ಹಾಗೆಯೇ ಕೂತರು. ಲವಿನಿಯಾಳ ಮುಖ ಬೀಟ್‌ರೂಟ್ ಸಾರಿನ ಬಣ್ಣಕ್ಕೆ ತಿರುಗಿತು.

"ಇಲ್ಲಿ ಎಲ್ಲವನ್ನೂ ಒಟ್ಟಿಗೆ ತೊಳೀತಾರಾ?" ಅತಿಥಿ ಮಹಿಳೆ ಲವಿನಿಯಾಳನ್ನೇ ನೇರವಾಗಿ ಕೇಳಿದಳು.

ಲವಿನಿಯಾ ಬಾಯಿ ತೆರೆಯುವ ಮುಂಚೆ ಪೆರ್ಸಿದಾ ನಡುವೆ ಬಾಯಿ ಹಾಕಿದಳು. ಹಂಡೆ ಮಾರುವ ಕಾಲದ ಧ್ವನಿ, ಬೆಣ್ಣೆಯಂಥದು. "ತೊಳೀತಿದ್ರು ತಾಯಿ. ನಮ್ಮ ಸಾಹೇಬ್ರು ಅದನ್ನ ನಿಲ್ಲಿಸೋಕೆ ಹೊಸ ಪದ್ಧತಿ ತಂದಿದಾರಲ್ಲ, ಬೇರೆಬೇರೆ ತೊಳೆಯೋದು. ನಮ್ಮ ಜಂಬಿಲಾಗೆ ಹೇಳಿಕೊಟ್ಟಿದ್ದೇ ಅವ್ರು. ಇವತ್ತು ಹುಡುಗಿ ಫೋಟೋಕ್ಕೆ ನಿಂತಿದ್ಲು, ಅದಕ್ಕೇ ಹೀಗಾಯ್ತು. ಅವಳಿಲ್ದಿದ್ರೆ ನೋಡಿ ಪಾಡು! ಹೇಳಿ ಸಾಹೇಬ್ರೇ, ನೀವೇ ಹೇಳಿ."

ಎಲ್ಲರೂ ಸಾಹೇಬರ ಕಡೆ ತಿರುಗಿದರು. ಸಾಹೇಬರು ಗಡ್ಡದಿಂದ ಕರವಸ್ತ್ರ ತೆಗೆದು, ಗಂಟಲು ಸರಿಮಾಡಿಕೊಂಡರು.

"ಇದು... ಹೌದು. ಸಮಗ್ರ ಪ್ರತ್ಯೇಕ ಸ್ವಚ್ಛತಾ ಕ್ರಮ. ನಾನು ಬಹಳ ದಿನದಿಂದ ಇದರ ಬಗ್ಗೆ ಯೋಚಿಸ್ತಾ ಬಂದಿದೀನಿ."

ಮಾತಾಡುತ್ತ ಆಡುತ್ತ ಅವರಿಗೇ ಅದರಲ್ಲಿ ನಂಬಿಕೆ ಹುಟ್ಟಿತು. ಊಟ ಮುಗಿಯುವ ಹೊತ್ತಿಗೆ ಇಡೀ ಜಿಲ್ಲೆಯ ವಸತಿಗೃಹಗಳಿಗೆ ಅದನ್ನು ವಿಸ್ತರಿಸಿಬಿಟ್ಟಿದ್ದರು. ಇದನ್ನು ಬಲ್ಲವಳು ಜಂಬಿಲಾ ಒಬ್ಬಳೇ ಆದ್ದರಿಂದ ಇಂಥ ಹುಡುಗಿಯನ್ನು ಬಿಡಬೇಡಿ ಎಂದು ಅತಿಥಿ ಮಹಿಳೆ ಲವಿನಿಯಾಳ ಕೈ ಹಿಡಿದು ಹೇಳಿದಳು. ಲವಿನಿಯಾ, ತುಟಿಯ ಬಣ್ಣ ಕೆಟ್ಟರೂ ಸರಿಯೆಂದು, ಬಾಯಿತುಂಬ ನಕ್ಕು ಅವಳು ಇವತ್ತಿನಿಂದಲೇ ಕಾಯಂ ಎಂದಳು.

ವಾಪಸಾಗುವಾಗ ರೈಲುಹಳಿ ದಾಟುತ್ತ ಜಂಬಿಲಾ ಸಿಡುಕಿದಳು. "ಅವರು ಹೇಳಿಕೊಟ್ಟಿದ್ದಾ? ನಮ್ಮಜ್ಜಿ ಹೇಳಿಕೊಟ್ಟಿದ್ದು! ಎಲ್ಲಾ ಅವರಿಗೇ ಕೊಟ್ಟುಬಿಟ್ರಲ್ಲ ಚಿಕ್ಕಮ್ಮಾ."

"ಕೆಲಸ ನಿಂಗೆ, ಹೆಸರು ಅವ್ರಿಗೆ. ಹೆಸರಿನ ಮೇಲೆ ಮುದ್ದೆ ಬೇಯಿಸೋಕೆ ಆಗುತ್ತೇನೇ? ಅಜ್ಜಿ ಹೆಸರು ಹೇಳಿದ್ರೆ ಅದು ಮೂಢನಂಬಿಕೆ. ಸಾಹೇಬ್ರು ಹೇಳಿದ್ರೆ ಕ್ರಮ. ನಡಿ."

ಆದರೆ ಕ್ರಮ ಎಂದ ಮೇಲೆ ತರಬೇತಿ ಇರಲೇಬೇಕಲ್ಲ. ರಾಜಧಾನಿಯಿಂದ ಒಬ್ಬ ತರಬೇತುದಾರ ಪೆಟ್ಟಿಗೆ ಹಿಡಿದು ವಸತಿಗೃಹಕ್ಕೆ ಬಂದ. ಊಟದ ಬಟ್ಟೆಯನ್ನು ಚಾದರದಿಂದ ಬೇರ್ಪಡಿಸುವುದನ್ನು ಜಂಬಿಲಾಳಿಗೆ ಚಿತ್ರ ಬರೆದು ಕಲಿಸಿದ. ಕಲಿಸುವ ಭರದಲ್ಲಿ ಊಟದ ಬಟ್ಟೆಯನ್ನು ಚಾದರದ ರಾಶಿಯ ಮೇಲೆಯೇ ಇಟ್ಟ. ಜಂಬಿಲಾ ಗಾಬರಿಯಿಂದ ಪೆರ್ಸಿದಾಳನ್ನು ನೋಡಿದಳು.

"ನಗೇ," ಪೆರ್ಸಿದಾ ಪಿಸುಗುಟ್ಟಿದಳು. "ಅದಕ್ಕೇ ತಾನೇ ನಗೋ ತರಬೇತಿ ಕೊಟ್ಟಿದ್ದು."

ಕೊನೆಗೆ ಅವನು ಪೆಟ್ಟಿಗೆ ತೆರೆದು, ತನ್ನ ಕಾಲುಚೀಲಗಳ ಅಡಿಯಿಂದ ಪ್ರಮಾಣಪತ್ರ ಎಳೆದು ಕೊಟ್ಟ. ಜಂಬಿಲಾ ಅದನ್ನು ಮನೆಗೆ ತಂದು ನಡೆದದ್ದನ್ನೆಲ್ಲ ಹೇಳಿದಾಗ ಅತ್ತೆ ರಫೀರಾ ಬಾಗಿಲಲ್ಲೇ ತಡೆದಳು.

"ಕಾಲುಚೀಲದ ಅಡಿ ಇದ್ದಿದ್ದಾ? ಒಳಗೆ ತರಬೇಡ. ಕೆಳಗಿನ ಬಟ್ಟೆ ಬೋಗುಣಿ ಹತ್ರ ಇಡು." ಆಮೇಲೆ ಸೊಸೆಯ ಕೈಯಿಂದ ಕಾಫಿ ಬಟ್ಟಲು ತೆಗೆದುಕೊಂಡು ಕುಡಿದಳು.

ಈಗ ರಫೀರಾಳ ಮನೆಯ ಹಿಂದೆ ಗೋಡೆ ಏಳುತ್ತಿದೆ. ಇಟ್ಟಿಗೆ ಹೊರುವ ಸಲುವಾಗಿ ಜಂಬಿಲಾಳ ಗಂಡ ಕಾರಿನಿಂದ ಇಳಿದಿದ್ದಾನೆ. ಮೊನ್ನೆ ಬೆಳಗ್ಗೆ ಪೆರ್ಸಿದಾ ಅಭ್ಯಾಸಬಲದಿಂದ ಅವರ ಕಿಟಕಿಯ ಕೆಳಗೆ ತಟ್ಟೆ ಬಡಿದಾಗ ರಫೀರಾ ತಲೆ ಹೊರಹಾಕಿ ಬೈದಳು.

"ಅವ್ಳು ಆಗ್ಲೇ ಹೋದ್ಲು ಕಣೇ! ನಿನ್ನ ತಟ್ಟೆ ತಗೊಂಡು ಆ ಕಡೆ ಹೋಗು!"

ಪೆರ್ಸಿದಾ ಲಂಗ ಕೊಡವಿಕೊಂಡು ಫೊನ್ಸೋನ ಮನೆಯತ್ತ ನಡೆದಳು. ಅಲ್ಲಿ ಕಿಟಕಿಯ ಪ್ರಮಾಣಪತ್ರಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಅವಳು ಸೌಟು ಎತ್ತಿದಳು.