ಡ್ಯಾನ್ಯೂಬ್ ದಂಡೆಯಲ್ಲಿ ಒಂದು ಮೊಳ ಸೇವಂತಿಗೆ

ದೀಪಾವಳಿ ವ್ಯಾಪಾರ ಮುಗಿಸಿ, ರಸೆಲ್ ಮಾರುಕಟ್ಟೆಯ ಹೂವಿನಂಗಡಿಯನ್ನು ಮೈದುನನಿಗೆ ಒಪ್ಪಿಸಿ, ನಾನು ಜರ್ಮನಿಗೆ ಹೊರಟೆ. ತಂಗಿ ಸುಧಾ ರೇಗನ್ಸ್‌ಬರ್ಗ್ ಎಂಬ ಹಳೆಯ ಊರಿನಲ್ಲಿ ನರ್ಸ್. ಮ್ಯೂನಿಕ್‌ನಿಂದ ರೈಲಿನಲ್ಲಿ ಹೆಚ್ಚೂಕಡಿಮೆ ಒಂದೂವರೆ ಗಂಟೆಯ ದಾರಿ. ಅಕ್ಟೋಬರ್ ಕೊನೆಯ ಚಳಿಗೆ ಎರಡು ಸ್ವೆಟರ್ ಹಾಕಿಕೊಂಡರೂ ಮೂಗು ಮರಗಟ್ಟುತ್ತಿತ್ತು.

ಮೂರನೆಯ ದಿನ ಸುಧಾಗೆ ಮಧ್ಯಾಹ್ನದ ಪಾಳಿ. "ಅಕ್ಕಾ, ಕೆಳಗಿನ್ ಮನೆ ಹೆಲ್ಗಾ ಆಂಟಿ ಊರು ತೋರಿಸ್ತಾರಂತೆ. ಬರಿಗೈಲಿ ಹೋಗ್ಬೇಡ, ಏನಾದ್ರೂ ತಗೊಂಡ್ ಹೋಗು" ಎಂದು ಹೇಳಿ ಓಡಿದಳು.

ಮೂಲೆಯಂಗಡಿಯ ಮುಂದೆ ಬಕೆಟ್‌ಗಳ ತುಂಬ ಬಿಳಿ ಸೇವಂತಿಗೆ ಇತ್ತು. ನೋಡಿ ನನ್ನ ಜೀವಕ್ಕೆ ಹಾಯೆನಿಸಿತು. ನಮ್ಮಲ್ಲಿ ಈ ಹೂವಿಲ್ಲದೆ ಯಾವ ಶುಭಕಾರ್ಯ ನಡೆದೀತು? ಒಳ್ಳೆಯದೊಂದು ಕಟ್ಟನ್ನು ಆರಿಸಿಕೊಂಡು ಹೆಲ್ಗಾ ಅವರ ಬಾಗಿಲು ತಟ್ಟಿದೆ. ಎಪ್ಪತ್ತೈದು ದಾಟಿದ ಹೆಂಗಸು, ನನಗಿಂತ ಒಂದಡಿ ಎತ್ತರ. ಹೂ ಕಂಡದ್ದೇ ಅವರ ಮುಖ ಸಪ್ಪಗಾಯಿತು.

"ಇಲ್ಲಿ ಇದನ್ನು ಗೋರಿಗೆ ಇಡುತ್ತೇವೆ" ಎಂದರು ಮೆಲ್ಲಗೆ. ಅವರ ಇಂಗ್ಲಿಷೂ ನನ್ನ ಮಾರ್ಕೆಟ್ ಇಂಗ್ಲಿಷೂ ಒಂದೇ ಮಟ್ಟದವು. ಮಾತನ್ನೆಲ್ಲ ನಮ್ಮ ಕನ್ನಡಕ್ಕೇ ತಂದು ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಹೂ ಮಾರಿದವಳು ನಾನು. ನಾಚಿಕೆಯಿಂದ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಬೇರೆ ತರುತ್ತೇನೆಂದು ತಿರುಗಿದರೆ ಅವರೇ ತಡೆದರು. "ಬೇಡ. ಇದನ್ನೇ ತೆಗೆದುಕೊಂಡು ಹೋಗೋಣ. ನನಗೂ ಒಂದು ಕಡೆ ಹೋಗಬೇಕಿತ್ತು."

ಬಸ್ಸಿನಲ್ಲಿ ನಾಲ್ಕೇ ನಿಲ್ದಾಣ. ಟಿಕೆಟ್ಟಿನ ದುಡ್ಡಲ್ಲಿ ಶಿವಾಜಿನಗರದಿಂದ ಕೆ.ಆರ್. ಪುರದವರೆಗೂ ಆಟೋದಲ್ಲಿ ಹೋಗಬಹುದಿತ್ತು ಎಂದು ಲೆಕ್ಕ ಹಾಕಿ ಹೊಟ್ಟೆ ಉರಿಸಿಕೊಂಡೆ. ಹಳೆಯ ಊರಿನ ಓಣಿಗಳು ನಮ್ಮ ಮಾರುಕಟ್ಟೆಯ ಹಿಂದಿನ ಗಲ್ಲಿಗಳಷ್ಟೇ ಇಕ್ಕಟ್ಟು, ಆದರೆ ಒಂದು ಹಾರ್ನ್ ಇಲ್ಲ. ಅರಿಸಿನ ಬಣ್ಣದ, ಗುಲಾಬಿ ಬಣ್ಣದ ಮನೆಗಳು. ಎರಡು ಗೋಪುರಗಳ ದೊಡ್ಡ ಇಗರ್ಜಿಯೊಳಗೆ ಕತ್ತಲೆ, ಬಣ್ಣದ ಗಾಜಿನಲ್ಲಿ ಮಾತ್ರ ಬೆಳಕು. ಹೆಲ್ಗಾ ಪ್ರತಿ ಕಲ್ಲಿಗೂ ಒಂದು ಕಥೆ ಹೇಳಿದರು. ನೋಡಿದ ಬೀದಿಯನ್ನೇ ಇನ್ನೊಂದು ಸಲ ತೋರಿಸಿದಾಗ ನನಗೆ ಅನುಮಾನ ಬಂತು. ಇವರಿಗೆ ಹೋಗಬೇಕಾದಲ್ಲಿಗೆ ಹೋಗಲು ಮನಸ್ಸಿಲ್ಲ.

ಡ್ಯಾನ್ಯೂಬ್ ನದಿಯ ಹಳೆಯ ಕಲ್ಲುಸೇತುವೆಯ ಬಳಿ ಅವರು ಸಾಸೇಜ್ ಇಟ್ಟ ಬ್ರೆಡ್ಡು ತಿಂದರು. ನಾನು ಹುಳಿ ಎಲೆಕೋಸನ್ನು ಬ್ರೆಡ್ಡಿಗೆ ತುಂಬಿಕೊಂಡು ತಿಂದೆ. ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಎನಿಸಿತು. ಆಗ ಅವರು ಹೇಳಿದರು. ಅಲ್ಲಿ ಗೋರಿಯ ಜಾಗ ಶಾಶ್ವತವಲ್ಲ. ಇಷ್ಟು ವರ್ಷಕ್ಕೆಂದು ಬಾಡಿಗೆಗೆ ಪಡೆಯುವುದು; ಅವಧಿ ಮುಗಿದ ಮೇಲೆ ಮುಂದುವರಿಸದಿದ್ದರೆ ಕಲ್ಲು ತೆಗೆದು ನೆಲ ಸಮ ಮಾಡುತ್ತಾರೆ. ಅವರ ಗಂಡನ ಗೋರಿಯ ಅವಧಿ ಈ ತಿಂಗಳು ಮುಗಿಯುತ್ತಿತ್ತು.

"ಮೊಣಕಾಲು ಕೇಳುತ್ತಿಲ್ಲ. ಕಳೆ ಕೀಳಲು ಬಗ್ಗಿದರೆ ಏಳಲಾಗುವುದಿಲ್ಲ. ಮಕ್ಕಳೂ ಇಲ್ಲ. ಆದರೆ ಬಿಟ್ಟುಬಿಟ್ಟರೆ, ಎರಡನೇ ಸಲ ಮಣ್ಣು ಮಾಡಿದ ಹಾಗೆ."

ಸ್ಮಶಾನ ಅಲ್ಲಿಂದ ದೂರವಿರಲಿಲ್ಲ. ಸಂಜೆ ಹೊತ್ತು ಇಂಥಲ್ಲಿ ಕಾಲಿಡಬಾರದೆಂದು ಬೆಳೆದ ಹಲಸೂರಿನವಳು ನಾನು. ಗೇಟಿನಲ್ಲಿ ಒಂದು ಕ್ಷಣ ಹಿಂಜರಿದು ಒಳಗೆ ಹೋದೆ. ಲಾಲ್‌ಬಾಗಿನಂಥ ತೋಟ. ಹೆಲ್ಗಾ ಒಂದು ಕಲ್ಲಿನ ಮುಂದೆ ನಿಂತರು. ಅದರ ಮೇಲೆ ಹಳದಿ ಚೀಟಿ ಅಂಟಿಸಿದ್ದರು. ಸ್ಮಶಾನದ ಕಚೇರಿಗೆ ಬಂದು ಕಾಣಿ ಎಂದಿದೆ ಎಂದು ಓದಿ ಹೇಳಿದರು.

"ನಿಮ್ಮವರು?" ಎಂದು ಕೇಳಿದರು.

"ತೀರ್ಕೊಂಡು ಆರು ವರ್ಷ ಆಯ್ತು. ಬೂದೀನ ಕಾವೇರೀಲಿ ಬಿಟ್ವಿ."

"ಹಾಗಾದರೆ ಅವರನ್ನು ಕಾಣಲು ನೀವು ಎಲ್ಲಿಗೆ ಹೋಗುತ್ತೀರಿ?"

ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. "ಎಲ್ಲೂ ಹೋಗಲ್ಲ. ಬೆಳಗ್ಗೆ ಅಂಗಡೀಲಿ ಮೊದಲ್ನೇ ಮೊಳ ಕಟ್ಟಿ ಅವರ ಫೋಟೋಗೆ ಹಾಕ್ತೀನಿ. ಸಂಜೆಗೆ ಬಾಡತ್ತೆ. ನಾಳೆ ಮತ್ತೆ ಕಟ್ತೀನಿ, ಅಷ್ಟೇ."

ಅವರು ಬೆಂಚಿನ ಮೇಲೆ ಕುಳಿತು, "ಹೇಗೆ ಕಟ್ಟುವುದು, ತೋರಿಸಿ" ಎಂದರು.

ನನ್ನ ಕೈಚೀಲದಲ್ಲಿ ದಾರದ ಉಂಡೆ ಸದಾ ಇರುತ್ತದೆ. ತೊಟ್ಟು ಗಿಡ್ಡ ಮಾಡಿ, ಎರಡೆರಡು ಹೂ ಜೋಡಿಸಿ, ದಾರ ಸುತ್ತಿ ಗಂಟು ಎಳೆದು ತೋರಿಸಿದೆ. ಅವರ ಬೆರಳು ಚಳಿಗೆ ಸೆಟೆದಿದ್ದವು. ಗಂಟು ಬಿಗಿಯುವಷ್ಟರಲ್ಲಿ ಹೂ ಜಾರುತ್ತಿತ್ತು. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿವರೆಗೆ ಎಂದೆ. ಅವರು ತಮ್ಮ ಉದ್ದನೆಯ ಕೈ ಚಾಚಿ, "ಹಾಗಾದರೆ ನನ್ನ ಗಂಡನಿಗೆ ಹೆಚ್ಚು ಸಿಗುತ್ತದೆ" ಎಂದು ಆ ಸಂಜೆ ಮೊದಲ ಸಲ ನಕ್ಕರು. ಹೂವನ್ನು ಕಲ್ಲಿಗೆ ಹಾಕಿ, ಅದರ ಮೇಲೆ ಅಂಗೈ ಇಟ್ಟು, ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

"ನಾಳೆ ಕಚೇರಿಗೆ ಹೇಳಿಬಿಡುತ್ತೇನೆ. ಕಲ್ಲು ತೆಗೆಯಲಿ" ಎಂದರು ಹೊರಗೆ ಬಂದ ಮೇಲೆ. ದಾರದ ಉಂಡೆಯನ್ನು ಅವರಿಗೇ ಕೊಟ್ಟೆ.

ನಾನು ಹಿಂದಿರುಗಿದ ಮೇಲೆ, ಒಂದು ಬೆಳಗ್ಗೆ ಮಾರುಕಟ್ಟೆಯಲ್ಲಿ ಸೇವಂತಿಗೆ ಮೂಟೆ ಬಿಚ್ಚುತ್ತಿದ್ದಾಗ ಸುಧಾ ಫೋನಿಗೆ ಒಂದು ಫೋಟೋ ಕಳಿಸಿದಳು. ಹೆಲ್ಗಾ ಅವರ ಅಡುಗೆಮನೆಯ ಗೋಡೆ, ಅದರ ಮೇಲೆ ದಪ್ಪ ಮೀಸೆಯ ಗಂಡಸಿನ ಚಿತ್ರ, ಚಿತ್ರಕ್ಕೆ ಹೂ. ಗಿರಾಕಿಯನ್ನು ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಗಂಟುಗಳೆಲ್ಲ ಸಡಿಲ, ಒಂದು ಹೂ ತಲೆಕೆಳಗು. ನನ್ನ ಅಂಗಡಿಯಲ್ಲಾಗಿದ್ದರೆ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದೆ.

"ಚೆನ್ನಾಗಿದೆ ಅಂತ ಹೇಳು. ದಾರ ಮುಗಿದ್ರೆ ಹೇಳ್ಲಿ, ಕಳಿಸ್ತೀನಿ" ಎಂದು ಬರೆದೆ.