ಗಾಡಿಗೆ ಹಾಸಿದ ಕಂಬಳಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಚಳ್ಳಕೆರೆಯ ನಮ್ಮ ಮನೆಯ ಮುಂದೆ ಒಂದು ಹಳೆಯ ವ್ಯಾನು ನಿಂತಿರುತ್ತಿತ್ತು. ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಅದರೊಳಗೆ ಮಂಚ, ಸ್ಟೌವ್, ಫ್ಯಾನು ಎಲ್ಲ ಕೂರಿಸಿ ಓಡಾಡುವ ಮನೆ ಮಾಡಿದ್ದರು. ಕಿಟಕಿಗೆ ನಾನು ಬಿಳಿ ದಾರದ ಪರದೆ ಹೆಣೆದು ಹಾಕಿದ್ದೆ. ಒಂದೇ ತೊಂದರೆ, ಇಂಜಿನ್ನಿಗೂ ಫ್ಯಾನಿಗೂ ಇದ್ದದ್ದು ಒಂದೇ ಬ್ಯಾಟರಿ. ರಾತ್ರಿ ತಂಪಾಗಿ ಮಲಗಿದರೆ ಬೆಳಿಗ್ಗೆ ಗಾಡಿ ತಳ್ಳಬೇಕು. ಸಿದ್ದಾಪುರದ ಬಂಡೆಗಳ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ತಳ್ಳಿದ್ದೇನೆ. ಮೇಯುತ್ತಿದ್ದ ಕುರಿಗಳು ಮೇವು ಬಿಟ್ಟು ನಿಂತು ನೋಡಿದ್ದವು.

ನಮಗದು ತಮಾಷೆ, ಅತ್ತೆಗಲ್ಲ. ಅವರಿಗೆ ಉಬ್ಬಸ. ಬೆಳಿಗ್ಗೆ, ಸಂಜೆ ಔಷಧಿಯನ್ನು ಹಬೆ ಮಾಡಿ ಕೊಡುವ ಯಂತ್ರದ ಮುಂದೆ ಕೂರಲೇಬೇಕು, ಅದಕ್ಕೆ ಕರೆಂಟು ಬೇಕು. ಅವರ ತವರು ದೇವಸಮುದ್ರದಾಚೆಯ ಒಂದು ಕುರಿಹಟ್ಟಿ. ಅವರ ಅಕ್ಕ ಇನ್ನೂ ಅಲ್ಲೇ ಇದ್ದರು, ಕರೆಂಟಿನ ಕಂಬ ಮಾತ್ರ ಅಲ್ಲಿಗೆ ಬಂದಿರಲಿಲ್ಲ. ಉಬ್ಬಸ ಶುರುವಾದ ಮೇಲೆ ಅತ್ತೆ ಅಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ.

“ನಿನ್ ಗಾಡ್ಯಾಗೆ ಫ್ಯಾನ್ ತಿರುಗ್ತೈತೆ, ನನ್ ಮಿಷಿನ್ ಓಡಲ್ವೇನಲೇ?” ಎಂದು ಅವರು ಮಗನನ್ನು ಕೇಳಿದರು ನೋಡಿ, ಅಲ್ಲಿಂದ ನಮ್ಮ ಬ್ಯಾಟರಿ ಪುರಾಣ.

ಇಂಜಿನ್ನಿನ ಬ್ಯಾಟರಿಯನ್ನು ಅದರ ಪಾಡಿಗೆ ಬಿಟ್ಟು ಮಂಚದ ಕೆಳಗೆ ಎರಡು ದೊಡ್ಡ ಬ್ಯಾಟರಿ ಬಂದವು. ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್, ಒಳಗೆ ಇನ್ವರ್ಟರ್, ಬಾಗಿಲ ಪಕ್ಕ ಬ್ಯಾಟರಿ ಎಷ್ಟು ತುಂಬಿದೆಯೆಂದು ತೋರಿಸುವ ದೀಪದ ಡಬ್ಬಿ. ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಇಂಗ್ಲಿಷ್ ಕೈಪಿಡಿಯನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಕೆಂಪು ಎಂದರೆ ಖಾಲಿ, ಹಸಿರು ಎಂದರೆ ಸಾಕಷ್ಟು ತುಂಬಿದೆ. ಮೊದಲ ಸಲ ಹಸಿರು ಹತ್ತಿದಾಗ ನಾವಿಬ್ಬರೂ ಕೈ ಹಿಡಿದು ಕುಣಿದು, ಮಂಚದ ಮೂಲೆಗೆ ಮೊಣಕಾಲು ತಾಗಿಸಿಕೊಂಡೆವು.

ಹಟ್ಟಿ ಮುಟ್ಟಿದ ಸಂಜೆ ಊರೆಲ್ಲ ಬಂದು ಸರದಿಯ ಮೇಲೆ ಫ್ಯಾನಿಗೆ ಮುಖವೊಡ್ಡಿತು. ಮಾರನೆಯ ಬೆಳಿಗ್ಗೆ ಅತ್ತೆಯ ಔಷಧಿ ಮುಗಿಯುವ ಹೊತ್ತಿಗೆ ದೀಪ ಕೆಂಪಾಯಿತು.

“ಬಿಸ್ಲು ಹೆಂಗೈತೆ ನೋಡು! ಮಧ್ಯಾಹ್ನಕ್ಕೆ ತುಂಬ್ತೈತೆ,” ಎಂದರು ಗಂಡ.

ಮಧ್ಯಾಹ್ನವೂ ಕೆಂಪೇ. ಅವರು ಮಂಚದ ಕೆಳಗೆ ತೂರಿ ತಂತಿಗಳನ್ನೆಲ್ಲ ಎಳೆದು ನೋಡಿದರು. ಕೊನೆಗೆ, “ಅವ್ವಾ, ಸಂಜೆ ಔಷಧಿ ತಪ್ಪಂಗಿಲ್ಲ. ಉಂಡು ಹೊರಡಾನ,” ಎಂದರು. ಅತ್ತೆ ಸೀರೆ ಮಡಚಲು ಕೂತರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದರು.

ನೋಡಲಾಗದೆ ಕಿಟಕಿಯತ್ತ ತಿರುಗಿದೆ. ಹೊರಗೆ, ಗಾಜಿಗೆ ತಾಗಿ, ಕರಿ ಗೊಂಡೆಯೊಂದು ಗಾಳಿಗೆ ತೂಗುತ್ತಿತ್ತು. ನಮ್ಮ ಗಾಡಿಯಲ್ಲಿ ಕರಿ ಗೊಂಡೆ ಎಲ್ಲಿಯದು? ಏಣಿ ಹತ್ತಿ ನೋಡಿದರೆ, ಪ್ಯಾನೆಲ್ ಮೇಲೆ ಒಂದು ಸುಕ್ಕಿಲ್ಲದೆ ಹಾಸಿದ ಹೊಚ್ಚಹೊಸ ಕಂಬಳಿ!

ನಗು ಎಷ್ಟು ಬಂತೆಂದರೆ ಏಣಿಯನ್ನೇ ತಬ್ಬಿಕೊಂಡೆ.

“ಯಾರು ಹಾಸಿದ್ದು ಇದನ್ನ?”

“ನಾನೇ ಹುಡುಗ್ರ ಕೈಲಿ ಹಾಸ್ಸಿದ್ದು ಕಣವ್ವ,” ಎಂದರು ಅತ್ತೆಯ ಅಕ್ಕ. “ನನ್ ತಂಗೀನ ಕರ್ಕಂಬಂದ ಗಾಡಿ. ಕಂಬ್ಳಿ ಹಾಸಿ ಮರ್ಯಾದಿ ಮಾಡಬ್ಯಾಡ್ವಾ? ಮ್ಯಾಲೆ ಆ ಗಾಜು ಬ್ಯಾರೆ ಬಿಸ್ಲಿಗೆ ಕಾಯ್ತಿತ್ತು, ಪಾಪ.”

“ದೊಡ್ಡವ್ವಾ, ಅದು ಬಿಸ್ಲಿಗೆ ಕಾಯ್ಲಿ ಅಂತ್ಲೇ ಇಟ್ಟಿರೋದು!” ಗಂಡ ತಲೆ ಚಚ್ಚಿಕೊಂಡರು.

“ಗಾಜಿನ ಸಾಮಾನು ಬಿಸ್ಲಿಗಿಡೋರು ಎಲ್ಲಾರ ಉಂಟೇನಲೇ? ಓದ್ದೋನಂತೆ!”

ನಾನಿಳಿದು, ಗಂಡ ಕಂಬಳಿ ತೆಗೆಯಲು ಹೊರಡುವಷ್ಟರಲ್ಲಿ ಮುದುಕಿ ಏಣಿಗೆ ಅಡ್ಡ ನಿಂತರು. “ಹಾಸಿದ್ ಕಂಬ್ಳಿ ಎಳೀಬ್ಯಾಡ. ಬಂದೋರ್ನ ಎಬ್ಬಿಸಿ ಕಳಿಸ್ದಂಗಾತೈತೆ.”

ಗಂಡ ನನ್ನ ಮುಖ ನೋಡಿದರು. ಇದಕ್ಕೆ ಕೈಪಿಡಿಯಲ್ಲಿ ಏನೂ ಬರೆದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಮಡಚುತ್ತಿದ್ದ ಸೀರೆಗಳನ್ನು ಅಲ್ಲೇ ಬಿಟ್ಟು ಹೊರಗೆ ಬಂದರು. “ಅಕ್ಕಾ, ಗಾಡಿಗೆ ಮಾಡಿದ ಮರ್ಯಾದಿ ಸಾಕು. ಅದುನ್ನ ಬೇವಿನ ಗಿಡದ ಕೆಳಗೆ ಹಾಸು, ನಾನು ಕೂರ್ತೀನಿ.”

ಅಕ್ಕ ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದರು. “ಹಂಗಾದ್ರೆ ಎಬ್ಬಿಸ್ದಂಗಾಗಲ್ಲ ಬಿಡು.”

ಕಂಬಳಿ ಕೆಳಗಿಳಿಯಿತು. ಅತ್ತೆ ಅದರ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಹೆಂಗಸರೆಲ್ಲ ವ್ಯಾನಿನ ಬಾಗಿಲಲ್ಲಿ ಗುಂಪುಗೂಡಿ, ಉಕ್ಕುವ ಹಾಲು ಕಾಯುವಂತೆ ಆ ದೀಪವನ್ನು ಕಾದರು. ಹೊತ್ತು ಮುಳುಗುವ ಮೊದಲೇ, “ಹಸ್ರು! ಹಸ್ರು!” ಎಂದು ಕೇಕೆ ಎದ್ದಿತು. ಯಂತ್ರ ಗುಂಯ್ ಎಂದಿತು. ಅತ್ತೆ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, ಮುಖದ ಮೇಲಿನ ಮಾಸ್ಕ್ ಸರಿಸಿ ತೀರ್ಪು ಕೊಟ್ಟರು:

“ನೀವಿಬ್ರೂ ನಾಳೆ ಬಸ್ಸಿಗೆ ಹೋಗ್ರಿ. ಗಾಡಿ, ನಾನು ಇಲ್ಲೇ ಇರ್ತೀವಿ.”

ತಮಾಷೆಯಲ್ಲ, ಹಾಗೇ ಆಯಿತು. ಅಕ್ಕನಿಗೆ ಸ್ವಿಚ್ಚು ತೋರಿಸಿಕೊಟ್ಟು ನಾವು ಬಸ್ಸು ಹತ್ತಿದೆವು. ಮೊಳಕಾಲ್ಮೂರು ದಾಟಿದರೂ ನಗು ನಿಲ್ಲಲೊಲ್ಲದು. ಟಿಕೆಟ್ ಹರಿಯುತ್ತಾ ಕಂಡಕ್ಟರು, “ಏನ್ರಿ, ಭಾರಿ ಖುಷೀಲಿದ್ದೀರಿ! ಮದುವೆ ಮುಗಿಸ್ಕೊಂಡ್ ಬರ್ತಿದ್ದೀರಾ?” ಎಂದ.

“ಇಲ್ಲಪ್ಪ,” ಎಂದರು ಗಂಡ, ಕಣ್ಣೊರೆಸಿಕೊಳ್ಳುತ್ತಾ. “ಅವ್ವನ್ನ ತವರಿಗೆ ಬಿಟ್ಟು ಬರ್ತಿದ್ದೀವಿ.”